ಕಾಕಾನ ಗಾಡಿ ಬ್ಯಾಟರಿ ಮತ್ತು ಮಸ್ಕಿಯ ಬಂಡೆ

ಹೋದ ಬೇಸಿಗೆಯ ಮಾತು. ರಾತ್ರಿ ಊಟ ಮುಗಿಸಿ ಕೂತಿದ್ದೆ, ಮಸ್ಕಿಯಿಂದ ಕಾಕಾನ ಫೋನು ಬಂತು.

"ತಮ್ಮಾ, ಗಾಡಿ ಬ್ಯಾಟ್ರಿ ಪೂರಾ ಸತ್ತೈತಿ ನೋಡು. ಹೊಲಕ್ಕ ಹೋಗಿ ಬರಾಕೂ ಆಗವಲ್ದು. ಸಿಂಧನೂರಾಗ ಒಬ್ಬಾಂವ ಲಿಥಿಯಂ ಪಾಲಿಮರ್ ಹಾಕಿ ಕೊಡ್ತೀನಿ ಅಂತಾನ, ನಲವತ್ತು ಎ.ಎಚ್. ಅಂತ. ಲಿಂಗಸೂಗೂರಾಗ ಇನ್ನೊಬ್ಬಾಂವನ ಹತ್ರ ಮೂವತ್ತು ಎ.ಎಚ್.ದು ಐತಿ, ಅದಕ್ಕ ರೊಕ್ಕ ಜಾಸ್ತಿ. ನಲವತ್ತು ಬಿಟ್ಟು ಮೂವತ್ತಕ್ಕ ಯಾಕ ಜಾಸ್ತಿ ಕೊಡಬೇಕು ಹೇಳು?"

ಪ್ರಶ್ನೆ ಸರಿಯಾಗೇ ಇತ್ತು. ಆದರೆ ಕೇಳಿದ್ದು ಯಾರನ್ನು? ನಾನು ಎಂಜಿನಿಯರ್ ಅಲ್ಲ. ಹಳೇ ಶಾಸನ, ಹಳೇ ಗೆಜೆಟಿಯರು, ಹಳೇ ಊರಿನ ಕಥೆ ಅಂತ ತಿರುಗುವ ಹುಚ್ಚಿನವನು. ಬೆಂಗಳೂರಿನಲ್ಲಿದ್ದಾನೆ, ಕಂಪ್ಯೂಟರ್ ಮುಂದೆ ಕೂತಿರ್ತಾನೆ, ಆದ್ದರಿಂದ ಎಲ್ಲಾ ಗೊತ್ತಿರುತ್ತೆ ಅಂತ ಊರಿನಲ್ಲಿ ನಂಬಿಕೆ. "ಎರಡು ದಿನ ತಡೀರಿ ಕಾಕಾ, ಕೇಳಿ ಹೇಳ್ತೀನಿ" ಅಂದೆ.

ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದೆ. "ಗಾಡಿ ಎಲ್ಲಿ ಚಾರ್ಜಿಗೆ ಹಾಕ್ತೀರಿ?" "ಎಲ್ಲಿ ಅಂದ್ರ? ಪಡಸಾಲ್ಯಾಗ. ಹುಡುಗ್ರು ಮಲಗಿರ್ತಾವಲ್ಲ, ಅದರ ಬಾಜೂಕನ ಪ್ಲಗ್ಗು."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಎರಡು ದಿನ ಅಂದುಕೊಂಡದ್ದು ಹದಿನೈದು ದಿನ ಆಯಿತು. ಬ್ಯಾಟರಿ ಹುಡುಕುತ್ತಾ ಹೋದವನು ಇನ್ನೂರು ವರ್ಷ ಹಿಂದಕ್ಕೆ ಹೋಗಿ ಬಂದೆ. ಓದಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಕಾಕಾ ಒಬ್ಬರು ಇದ್ದೇ ಇರುತ್ತಾರೆ ತಾನೆ?

ಕಥೆ ಶುರುವಾಗುವುದು ಮಸ್ಕಿಯಿಂದಲೇ. ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಹೆಚ್ಚುಕಮ್ಮಿ ನಡುವೆ ಸಿಗುವ ಊರು ಮಸ್ಕಿ. ಮೊದಲು ಲಿಂಗಸೂಗೂರು ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಊರ ಪಕ್ಕದ ಗುಡ್ಡದಲ್ಲಿ ಅಶೋಕನ ಶಾಸನದ ಬಂಡೆ ಇರುವುದು ನಿಮಗೆಲ್ಲ ಶಾಲೆಯ ಪಾಠದಿಂದ ಗೊತ್ತು. ಅದನ್ನು ೧೯೧೫ರಲ್ಲಿ ಬೆಳಕಿಗೆ ತಂದವನು ಶಾಸನ ತಜ್ಞನಲ್ಲ, ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಆಗಿನ ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಬಂದವನ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರ ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಆ ಬಂಡೆ ಯಾಕೆ ಅಷ್ಟು ದೊಡ್ಡ ಸುದ್ದಿಯಾಯಿತು? ಅದಕ್ಕೂ ಮೊದಲು ದೇಶದ ತುಂಬಾ ಸಿಕ್ಕಿದ್ದ ಆ ಬಗೆಯ ಶಾಸನಗಳಲ್ಲಿ ಇದ್ದದ್ದು ಬರೀ ಬಿರುದು: ದೇವಾನಾಂಪ್ರಿಯ, ಪ್ರಿಯದರ್ಶಿ. ೧೮೩೭ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಮೊದಲು ಈ ದೇವಾನಾಂಪ್ರಿಯ ಸಿಂಹಳದ ರಾಜ ತಿಸ್ಸ ಇರಬೇಕು ಅಂದುಕೊಂಡಿದ್ದ. ಯಾಕೆಂದರೆ ಅವನಿಗೂ ಅದೇ ಬಿರುದಿತ್ತು. ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳನ್ನು ನೋಡಿ, ಇಲ್ಲ, ಇವನು ಮೌರ್ಯರ ಅಶೋಕ ಅಂತ ತಿಳಿಸಿದ ಮೇಲೆ ಲೆಕ್ಕ ಸರಿಯಾಯಿತು. ಆದರೂ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಎಪ್ಪತ್ತೆಂಟು ವರ್ಷದ ಊಹೆ ಅಲ್ಲಿಗೆ ಮುಗಿಯಿತು. (ಆಮೇಲೆ ಗುಜರ್ರಾ, ನಿಟ್ಟೂರು, ಉಡೆಗೋಳಂಗಳಲ್ಲೂ ಹೆಸರು ಸಿಕ್ಕಿತು, ಆದರೆ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ.)

ಬ್ಯಾಟರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ಅಂಗಡಿಯವನು ಹೇಳುವ "ಪಾಲಿಮರ್" ಅನ್ನುವುದೂ ಒಂದು ಬಿರುದು. ಹೆಸರಲ್ಲ. ಇದು ನನಗೆ ಹೊಳೆದದ್ದು ಓದುತ್ತಾ ಓದುತ್ತಾ ಕೊನೆಗೆ. ನಿಮಗೆ ಮೊದಲೇ ಹೇಳಿಬಿಡುತ್ತಿದ್ದೇನೆ, ಆಮೇಲೆ ತೂಕಡಿಸಬೇಡಿ :)

ಮೊದಲು ಹಳೇ ಬ್ಯಾಟರಿಯ ಕಥೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ಸೀಸದ ಎರಡು ಹಾಳೆಗಳನ್ನು ಗಂಧಕಾಮ್ಲದಲ್ಲಿ ಇಳಿಬಿಟ್ಟು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ. ನಮ್ಮ ಟ್ರ್ಯಾಕ್ಟರ್, ಬಸ್ಸು, ಮನೆಯ ಯು.ಪಿ.ಎಸ್. ಎಲ್ಲದರಲ್ಲೂ ಇವತ್ತಿಗೂ ಇರುವುದು ಅವನ ಮೊಮ್ಮಕ್ಕಳೇ.

ನಮ್ಮ ಸೀಮೆಯಲ್ಲಿ ಬ್ಯಾಟರಿಯನ್ನು ಮೈಮೇಲೆ ಹೊತ್ತು ತಿರುಗಿದವರು ಅಂದರೆ ಲಿಂಗಸೂಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯವರು. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಜನ ಆಳಕ್ಕಿಳಿದು ಚಿನ್ನ ತೆಗೆದ ಗುರುತುಗಳಿವೆ. ಬ್ರಿಟಿಷರ ಕಾಲದಲ್ಲಿ ಕೆಲವು ದಶಕ ನಡೆದು ನಿಂತಿದ್ದ ಗಣಿಗೆ ೧೯೪೭ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಹೊಸ ಕಂಪನಿ ಬಂತು. ಅದೇ ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿ. ಗಣಿಗೆ ಇಳಿಯುವವರ ತಲೆಯ ಮೇಲೆ ದೀಪ, ಸೊಂಟದ ಪಟ್ಟಿಯಲ್ಲಿ ಬ್ಯಾಟರಿ. ನಮ್ಮ ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ಹಟ್ಟಿಯಲ್ಲಿದ್ದರು. ಅವರು ಹೇಳುತ್ತಿದ್ದದ್ದು ನೆನಪಿದೆ: "ದೀಪ ಮನಿಗೆ ತರಂಗಿಲ್ಲಪ್ಪಾ. ಶಿಫ್ಟ್ ಮುಗೀತು ಅಂದ್ರ ಲ್ಯಾಂಪ್ ರೂಮಿಗೆ ಕೊಟ್ಟ ಬರಬೇಕು. ಚಾರ್ಜ್ ಮಾಡಾಂವ ಬ್ಯಾರೆ, ನೋಡಾಂವ ಬ್ಯಾರೆ."

ಆಗ ನಾನು ಚಿಕ್ಕವನು, ದೀಪ ಮನೆಗೆ ತರಲಿಲ್ಲ ಅಂತ ಬೇಜಾರಾಗಿತ್ತು. ಈಗ ಅನ್ನಿಸುತ್ತದೆ, ಗಣಿಯವರು ಎಷ್ಟು ಹಿಂದೆಯೇ ಕಲಿತ ಪಾಠ ಅದು. ಪ್ರತಿ ದೀಪಕ್ಕೂ ನಂಬರು, ಚಾರ್ಜಿಗೆ ಬೇರೆಯೇ ಕೋಣೆ, ದಿನಾ ತಪಾಸಣೆ. ಶಕ್ತಿಯನ್ನು ಡಬ್ಬಿಯಲ್ಲಿ ತುಂಬಿಡುವ ವಸ್ತುವನ್ನು ಮಲಗುವ ಜಾಗದಿಂದ ದೂರ ಇಡಬೇಕು ಅನ್ನುವುದು ಅವರಿಗೆ ನಿಯಮ. ನಮ್ಮ ಕಾಕಾನ ಪಡಸಾಲೆಗೆ ಆ ನಿಯಮ ಇನ್ನೂ ಬಂದಿರಲಿಲ್ಲ.

ಇನ್ನು ಗಾಡಿಗಳ ಕಥೆ. ಕರ್ನಾಟಕದ ಮಟ್ಟಿಗೆ ಕರೆಂಟಿನ ಗಾಡಿ ಅಂದರೆ ಮೊದಲು ನೆನಪಾಗುವುದು ಬೆಂಗಳೂರಿನ ರೇವಾ ಕಾರು. ಚೇತನ್ ಮೈನಿ ಅವರ ಆ ಪುಟ್ಟ ಕಾರು ೨೦೦೧ರಲ್ಲಿ ಬೀದಿಗೆ ಬಂತು. ಒಳಗಿದ್ದದ್ದು ಸೀಸದ ಬ್ಯಾಟರಿ. ೨೦೦೬ರಿಂದ ಮುಂದೆ ಸ್ಕೂಟರುಗಳ ಸರದಿ. ಮೋಟಾರು ೨೫೦ ವ್ಯಾಟಿನೊಳಗೆ, ವೇಗ ಗಂಟೆಗೆ ೨೫ ಕಿಲೋಮೀಟರಿನೊಳಗೆ ಇದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಪೆಟ್ರೋಲ್ ದರ ಏರುತ್ತಿದ್ದ ಕಾಲ, ಜನ ತಗೊಂಡರು. ೨೦೧೦ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸಬ್ಸಿಡಿಯನ್ನೂ ಕೊಟ್ಟಿತು, ೨೦೧೨ರ ಮಾರ್ಚಿಗೆ ನಿಲ್ಲಿಸಿತು. ಅದು ನಿಂತದ್ದೇ ಎಷ್ಟೋ ಶೋರೂಮುಗಳು ಬಾಗಿಲು ಹಾಕಿದವು.

ಸಬ್ಸಿಡಿ ಒಂದೇ ಕಾರಣ ಅಲ್ಲ. ಗಾಡಿಯ ನಿಜವಾದ ಕಾಯಿಲೆ ಸೀಟಿನ ಕೆಳಗೇ ಇತ್ತು. ೧೨ ವೋಲ್ಟಿನ ನಾಲ್ಕು ಸೀಸದ ಡಬ್ಬಿ, ಒಂದೊಂದು ಏಳು ಕೆ.ಜಿ. ಸುಮಾರು. ಹತ್ತಿರ ಹತ್ತಿರ ಮೂವತ್ತು ಕೆ.ಜಿ. ಭಾರ, ಒಂದು ಜೋಳದ ಚೀಲ ಕಟ್ಟಿಕೊಂಡು ಹೋದ ಹಾಗೆ. ಸೀಸದ ಬ್ಯಾಟರಿಗೆ ಬಿಸಿಲು ಆಗುವುದಿಲ್ಲ: ಇಪ್ಪತ್ತೈದು ಡಿಗ್ರಿಯಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯುಷ್ಯ ಅರ್ಧದಷ್ಟಾಗುತ್ತದೆ ಅಂತ ಲೆಕ್ಕ. ರಾಯಚೂರು ಜಿಲ್ಲೆಯ ಬೇಸಿಗೆ ಗೊತ್ತಲ್ಲ, ನಲವತ್ತು ದಾಟದ ದಿನ ಇದ್ದರೆ ಪುಣ್ಯ. ಪೂರ್ತಿ ಖಾಲಿ ಮಾಡಿದರೆ ಇನ್ನೂ ಬೇಗ ಸಾಯುತ್ತದೆ. ಕಾಕಾನ ಗಾಡಿಯಲ್ಲಿ ಒಂದು ಜೊತೆ ಸತ್ತು, ಎರಡನೇ ಜೊತೆಯೂ ಸತ್ತಿದ್ದು ಹೀಗೆ. ತಪ್ಪು ಕಾಕಾನದೂ ಅಲ್ಲ, ಗಾಡಿಯದೂ ಅಲ್ಲ.

ಈಗ ಲಿಥಿಯಂ. ಇದರ ಪತ್ತೆ ೧೮೧೭ರಲ್ಲಿ, ಸ್ವೀಡನ್ನಿನಲ್ಲಿ. ಬರ್ಜೀಲಿಯಸ್ಸನ ಪ್ರಯೋಗಶಾಲೆಯಲ್ಲಿ ಆರ್ಫ್‌ವೆಡ್ಸನ್ ಎಂಬ ಹುಡುಗ ಪೆಟಲೈಟ್ ಎಂಬ ಕಲ್ಲನ್ನು ಪರೀಕ್ಷೆ ಮಾಡುವಾಗ ಲೆಕ್ಕ ಕೂಡಲಿಲ್ಲ. ನೂರಕ್ಕೆ ಕೆಲವು ಪಾಲು ಏನೋ ಬೇರೆಯದೇ ಇದೆ ಅನ್ನಿಸಿತು. ಹೊಸ ಲೋಹ! ಕಲ್ಲಿನಲ್ಲಿ ಸಿಕ್ಕಿದ್ದಕ್ಕೆ ಗ್ರೀಕಿನ ಕಲ್ಲು ಎಂಬ ಪದದಿಂದಲೇ ಲಿಥಿಯಂ ಅಂತ ಹೆಸರಿಟ್ಟರು. ಲೋಹಗಳಲ್ಲೆಲ್ಲ ಹಗುರ, ಆದರೆ ಮಹಾ ಮುಂಗೋಪಿ. ನೀರು ಕಂಡರೆ ಕುದಿಯುತ್ತದೆ, ಬ್ಯಾಟರಿಯೊಳಗೆ ಲೋಹವಾಗಿಯೇ ಇಟ್ಟರೆ ಮುಳ್ಳಿನ ಹಾಗೆ ಬೆಳೆದು ಒಳಗೇ ಶಾರ್ಟ್ ಮಾಡುತ್ತದೆ.

೧೯೭೦ರ ದಶಕದಲ್ಲಿ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿದ್ದ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಇದನ್ನು ಬ್ಯಾಟರಿಯಾಗಿ ಪಳಗಿಸಲು ಹೊರಟರು, ಬೆಂಕಿಯ ಕಾಟ ತಪ್ಪಲಿಲ್ಲ. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡೆನಫ್ ಕೋಬಾಲ್ಟ್ ಆಕ್ಸೈಡಿನ ದಾರಿ ತೋರಿಸಿದರು. ೧೯೮೫ರಲ್ಲಿ ಜಪಾನಿನ ಅಕಿರಾ ಯೋಶಿನೊ ಇನ್ನೊಂದು ಕಡೆ ಲೋಹದ ಬದಲು ಇಂಗಾಲ ಇಟ್ಟು ಇದನ್ನು ಮನೆಯೊಳಗೆ ತರಬಹುದಾದ ವಸ್ತು ಮಾಡಿದರು. ೧೯೯೧ರಲ್ಲಿ ಸೋನಿ ಮಾರುಕಟ್ಟೆಗೆ ಬಿಟ್ಟಿತು. ಈ ಮೂವರಿಗೂ ೨೦೧೯ರಲ್ಲಿ ನೊಬೆಲ್ ಬಂತು. ಗುಡೆನಫ್ ಅವರಿಗೆ ಆಗ ೯೭ ವರ್ಷ. ಅವರ ಪರವಾಗಿ ನೊಬೆಲ್ ಉಪನ್ಯಾಸ ಕೊಟ್ಟವರು ತಮಿಳುನಾಡು ಮೂಲದ ಅರುಮುಗಂ ಮಂತಿರಾಮ್.

ಹಾಗಾದರೆ ಪಾಲಿಮರ್ ಎಲ್ಲಿ ಬಂತು? ಲಿಥಿಯಂ ಬ್ಯಾಟರಿಯೊಳಗಿನ ದ್ರವ ಹೊತ್ತಿಕೊಳ್ಳುವಂಥದ್ದು. ಆ ದ್ರವವನ್ನೇ ತೆಗೆದು ಪ್ಲಾಸ್ಟಿಕ್ಕಿನಂಥ ಗಟ್ಟಿ ಪದಾರ್ಥ ಇಟ್ಟರೆ? ೧೯೭೩ರಲ್ಲಿ ಇಂಗ್ಲೆಂಡಿನ ಪೀಟರ್ ರೈಟ್ ಅಂಥ ಪದಾರ್ಥ ವಿದ್ಯುತ್ತಿನ ಅಯಾನುಗಳನ್ನು ಸಾಗಿಸುತ್ತದೆ ಅಂತ ಕಂಡರು. ೧೯೭೮ರಲ್ಲಿ ಫ್ರಾನ್ಸಿನ ಮಿಶೆಲ್ ಅರ್ಮಾಂ ಇದರಿಂದ ಬ್ಯಾಟರಿ ಮಾಡಬಹುದು ಅಂದರು. ಒಳ್ಳೆಯ ಆಲೋಚನೆ. ಆದರೆ ಆ ಪಾಲಿಮರ್ ಅರವತ್ತು ಎಪ್ಪತ್ತು ಡಿಗ್ರಿ ಬಿಸಿಯಾದರೇ ಸರಿಯಾಗಿ ಕೆಲಸ ಮಾಡುತ್ತಿತ್ತು. ಪ್ಯಾರಿಸ್ಸಿನಲ್ಲಿ ೨೦೧೧ರಿಂದ ೨೦೧೮ರ ತನಕ ಓಡಿದ ಆಟೋಲಿಬ್ ಬಾಡಿಗೆ ಕಾರುಗಳಲ್ಲಿ ನಿಜವಾದ ಪಾಲಿಮರ್ ಬ್ಯಾಟರಿ ಇತ್ತು, ಅದನ್ನು ಯಾವಾಗಲೂ ಬಿಸಿಯಾಗೇ ಇಡಬೇಕಿತ್ತು.

ತೊಂಬತ್ತರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯವರು ನಡುವಿನ ದಾರಿ ಹಿಡಿದರು. ಪಾಲಿಮರ್ ಹಾಳೆಯೊಳಗೆ ಅದೇ ಹೊತ್ತಿಕೊಳ್ಳುವ ದ್ರವವನ್ನು ಹೀರಿಸಿಟ್ಟರು. ಗಟ್ಟಿ ಲೋಹದ ಡಬ್ಬಿ ಬೇಡವಾಯಿತು, ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯ ಚೀಲ ಸಾಕಾಯಿತು. ಇವತ್ತು ಮೊಬೈಲಿನಲ್ಲಿ, ಆಟದ ವಿಮಾನದಲ್ಲಿ, ಕೆಲವು ಗಾಡಿಗಳಲ್ಲಿ ಲಿಥಿಯಂ ಪಾಲಿಮರ್ ಅಂತ ಮಾರುವುದು ಬಹುಪಾಲು ಇಂಥ ಚೀಲದ ಸೆಲ್ಲುಗಳನ್ನೇ. ಅಂದರೆ ಪಾಲಿಮರ್ ಅನ್ನುವುದು ಹೊರಗಿನ ಅಂಗಿಯ ಸುದ್ದಿ. ಒಳಗೆ ಕೋಬಾಲ್ಟ್ ಇದೆಯೋ, ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಇದೆಯೋ (ಇದನ್ನು ಎನ್.ಎಂ.ಸಿ. ಅಂತಾರೆ), ಕಬ್ಬಿಣದ ಫಾಸ್ಫೇಟ್ ಇದೆಯೋ, ಆ ಪದ ಹೇಳುವುದೇ ಇಲ್ಲ. ಸಿಂಹಳದ ತಿಸ್ಸನೂ ದೇವಾನಾಂಪ್ರಿಯ, ಅಶೋಕನೂ ದೇವಾನಾಂಪ್ರಿಯ!

ಹಗುರ ಬೇಕು, ಚಿಕ್ಕ ಜಾಗದಲ್ಲಿ ಕೂರಬೇಕು ಅನ್ನುವವರಿಗೆ ಚೀಲದ ಸೆಲ್ಲು ಒಳ್ಳೆಯದೇ. ಆದರೆ ಅದಕ್ಕೆ ತನ್ನದೇ ಬೆನ್ನೆಲುಬಿಲ್ಲ. ಹೊರಗೆ ಗಟ್ಟಿ ಪೆಟ್ಟಿಗೆ ಬೇಕು, ಒತ್ತಿ ಹಿಡಿಯುವ ವ್ಯವಸ್ಥೆ ಬೇಕು, ಚುಚ್ಚಬಾರದು, ಹಳೆಯದಾದಂತೆ ಉಬ್ಬಲು ಒಂದಿಷ್ಟು ಜಾಗವೂ ಬೇಕು. ಒಳ್ಳೆಯ ಕಾರ್ಖಾನೆಯವರು ಇದನ್ನೆಲ್ಲ ಮಾಡುತ್ತಾರೆ. ಬರೀ ನೀಲಿ ಪ್ಲಾಸ್ಟಿಕ್ ಸುತ್ತಿ ಟೇಪು ಹಚ್ಚಿದ ಪ್ಯಾಕು, ಅದರ ಕೆಳಗೆ ನಮ್ಮ ಹೊಲದ ದಾರಿಯ ತಗ್ಗು ದಿನ್ನೆ... ಊಹೆ ಮಾಡಿಕೊಳ್ಳಿ.

ಮೇಲಿನ ಕಬ್ಬಿಣದ ಫಾಸ್ಫೇಟಿನ ಕಥೆ ನಮ್ಮವರಿಗೆ ಹತ್ತಿರದ್ದು. ಗುಡೆನಫ್ ಅಮೆರಿಕದ ಟೆಕ್ಸಾಸಿಗೆ ಹೋದ ಮೇಲೆ ೧೯೯೭ರಲ್ಲಿ ಅವರ ಗುಂಪಿನಿಂದ ಒಂದು ಪ್ರಬಂಧ ಬಂತು. ಲಿಥಿಯಂ ಕಬ್ಬಿಣದ ಫಾಸ್ಫೇಟನ್ನು ಬ್ಯಾಟರಿಗೆ ಬಳಸಬಹುದು ಅಂತ ತೋರಿಸಿದ ಪ್ರಬಂಧ. ಲೇಖಕರು ಮೂವರು: ಅಕ್ಷಯ ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಗುಡೆನಫ್. ಎರಡನೇ ಹೆಸರು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಹುಡುಕಿದರೆ, ಈ ನಂಜುಂಡಸ್ವಾಮಿಯವರು ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಜೆ. ಗೋಪಾಲಕೃಷ್ಣನ್, ಸಿ.ಎನ್.ಆರ್. ರಾವ್ ಅವರ ಜೊತೆ ಸಂಶೋಧನಾ ಲೇಖನ ಬರೆದವರು. ಜಗತ್ತಿನಲ್ಲಿ ಇವತ್ತು ಲಕ್ಷಗಟ್ಟಲೆ ಬಸ್ಸು ಕಾರು ಓಡುತ್ತಿರುವುದು ಈ ಫಾಸ್ಫೇಟಿನ ಮೇಲೆ. ಆ ಪ್ರಬಂಧದ ಮೇಲೆ ನಂಜುಂಡಸ್ವಾಮಿ ಅಂತ ಒಂದು ಹೆಸರಿದೆ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ.

ಈ ಎಲ್.ಎಫ್.ಪಿ.ಯ ಗುಣ ಏನು? ಎನ್.ಎಂ.ಸಿ.ಗಿಂತ ಭಾರ, ಒಂದು ಕೆ.ಜಿ.ಯಲ್ಲಿ ಹಿಡಿಯುವ ಶಕ್ತಿ ಕಮ್ಮಿ. ಒಂದೊಂದು ಸೆಲ್ಲಿನ ವೋಲ್ಟೂ ಕಮ್ಮಿ, ೩.೭ರ ಜಾಗದಲ್ಲಿ ೩.೨. ಮೊದಮೊದಲು ವಿದ್ಯುತ್ತನ್ನು ಸರಿಯಾಗಿ ಹರಿಯಲೂ ಬಿಡುತ್ತಿರಲಿಲ್ಲ. ಕಣಗಳಿಗೆ ಇಂಗಾಲದ ಲೇಪ ಕೊಟ್ಟು ಅದನ್ನು ಸರಿಮಾಡಿದವರಲ್ಲಿ, ಮೇಲೆ ಪಾಲಿಮರ್ ಕಥೆಯಲ್ಲಿ ಬಂದ ಅದೇ ಅರ್ಮಾಂ ಕೂಡ ಒಬ್ಬರು. ಆದರೆ ಸ್ವಭಾವ ಶಾಂತ. ಅದರಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಕೋಬಾಲ್ಟಿನ ಸೆಲ್ಲು ಸುಮಾರು ೧೫೦ ಡಿಗ್ರಿಗೆ ಕೈಮೀರಿದರೆ, ಎನ್.ಎಂ.ಸಿ. ೨೧೦ರ ಸುಮಾರಿಗೆ, ಫಾಸ್ಫೇಟು ೨೭೦ರ ಸುಮಾರಿಗೆ ಅಂತ ಲೆಕ್ಕ ಕೊಡುತ್ತಾರೆ. ಆಯುಷ್ಯವೂ ಹೆಚ್ಚು: ಸೀಸದ್ದು ಮುನ್ನೂರು ನಾನೂರು ಸಲ ಚಾರ್ಜಿಗೆ ಸುಸ್ತಾದರೆ ಇದು ಸಾಮಾನ್ಯವಾಗಿ ಎರಡು ಸಾವಿರದ ಹತ್ತಿರ ಬಾಳುತ್ತದೆ. ಹಾಗಂತ ಇದೂ ದೇವರಲ್ಲ, ಕೆಟ್ಟ ಕೆಲಸ ಮಾಡಿದರೆ ಇದೂ ಹೊಗೆಯಾಡುತ್ತದೆ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಂಡೆ ಅಂದರೆ ೨೦೨೨ನೇ ಇಸವಿ ನೆನಪಿಗೆ ಬಂತು. ಆ ವರ್ಷ ಮಾರ್ಚಿನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಗಾಡಿ ಹೊತ್ತಿ, ಹೊಗೆ ತುಂಬಿ ಅಪ್ಪ ಮಗಳು ಇಬ್ಬರೂ ತೀರಿಕೊಂಡರು. ಏಪ್ರಿಲಿನಲ್ಲಿ ನಿಜಾಮಾಬಾದಿನಲ್ಲಿ ಮನೆಯೊಳಗೆ ಚಾರ್ಜಿಗೆ ಇಟ್ಟ ಬ್ಯಾಟರಿ ಸಿಡಿದು ಅಲ್ಲೇ ಮಲಗಿದ್ದ ಎಂಬತ್ತು ವರ್ಷದ ಅಜ್ಜ ಹೋದರು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಹೋಟೆಲಿನ ಕೆಳಗಿದ್ದ ಇ-ಬೈಕ್ ಶೋರೂಮಿನ ಬೆಂಕಿಗೆ ಎಂಟು ಜನ. ಇವೆಲ್ಲ ನಮಗೆ ದೂರದ ಊರುಗಳಲ್ಲ.

ಆಮೇಲೆ ಸರ್ಕಾರ ಎ.ಐ.ಎಸ್. ೧೫೬ ಎಂಬ ಮಾನದಂಡವನ್ನು ಬಿಗಿ ಮಾಡಿತು. ೨೦೨೨ರ ಡಿಸೆಂಬರ್ ಒಂದರಿಂದ ಮೊದಲ ಹಂತ, ೨೦೨೩ರ ಮಾರ್ಚ್ ಕೊನೆಯಿಂದ ಎರಡನೆಯದು. ಸೆಲ್ಲಿನ ಮೇಲೆ ತಯಾರಾದ ದಿನಾಂಕ ಕಾಣಬೇಕು, ತುಂಬಿದ ಮೇಲೆ ಚಾರ್ಜರ್ ತಾನೇ ನಿಲ್ಲಬೇಕು, ಒತ್ತಡ ಹೊರಗೆ ಹೋಗಲು ದಾರಿ ಇರಬೇಕು, ಒಂದು ಸೆಲ್ಲು ಹೊತ್ತಿದರೆ ಪಕ್ಕದ್ದಕ್ಕೆ ಹಬ್ಬಬಾರದು. ಓದಿದರೆ ಹಟ್ಟಿಯ ಲ್ಯಾಂಪ್ ರೂಮಿನ ನಿಯಮಗಳ ತಮ್ಮಂದಿರ ಹಾಗಿವೆ. ಆದರೆ ಗಮನಿಸಿ, ಇದು ನೋಂದಣಿಯಾಗುವ ಗಾಡಿಗಳಿಗೆ. ಕಾಕಾನ ೨೫ ಕಿಲೋಮೀಟರಿನ ಗಾಡಿ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ ಅಲ್ಲ. ಅದರಲ್ಲೂ ಅಂಗಡಿಯಲ್ಲೇ ಸೆಲ್ಲು ಕೂಡಿಸಿ ಕಟ್ಟಿದ ಪ್ಯಾಕಿಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಅಲ್ಲಿ ಪರೀಕ್ಷಕರು ನಾವೇ.

ಹದಿನೈದು ದಿನ ಆದ ಮೇಲೆ ಕಾಕಾಗೆ ಫೋನ್ ಮಾಡಿದೆ.

"ಕಾಕಾ, ನಾಲ್ಕು ಮಾತು ಕೇಳಿಕೊಂಡು ಬರ್ರಿ. ಒಂದು, ಒಳಗ ಯಾವ ಸೆಲ್ಲು, ಅದರ ಹೆಸರು ಏನು? ಪಾಲಿಮರ್ ಅನ್ನೋದು ಹೆಸರಲ್ಲ. ಎರಡು, ಸೆಲ್ಲು ಹೊಸಾವೋ, ಬಿಚ್ಚಿ ತೆಗದ ಹಳೇವೋ? ಮೂರು, ಚಾರ್ಜರ್ ಯಾವುದು? ನಾಕು, ತೂಕ ಎಷ್ಟು?"

"ತೂಕ ಯಾಕಪಾ? ಹಗುರ ಇದ್ರ ಚೊಲೋ ಅಲ್ಲೇನು?"

ಇಲ್ಲಿ ಒಂದು ಲೆಕ್ಕ ಹೇಳಬೇಕು, ಯಾರು ಬೇಕಾದರೂ ಮಾಡಬಹುದು. ಬ್ಯಾಟರಿ ಎಷ್ಟು ದೊಡ್ಡದು ಅಂತ ಎ.ಎಚ್. ಒಂದೇ ಹೇಳುವುದಿಲ್ಲ. ವೋಲ್ಟನ್ನು ಎ.ಎಚ್.ನಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ, ಅದೇ ನಿಜವಾದ ಅಳತೆ. ೪೮ ವೋಲ್ಟ್, ೪೦ ಎ.ಎಚ್. ಅಂದರೆ ೧೯೨೦ ವ್ಯಾಟ್-ಅವರ್. ಒಳ್ಳೆಯ ಎನ್.ಎಂ.ಸಿ. ಸೆಲ್ಲು ಒಂದು ಕೆ.ಜಿ.ಗೆ ೨೦೦ರಿಂದ ೨೫೦ ಹಿಡಿದರೆ ಹೆಚ್ಚು. ಪೆಟ್ಟಿಗೆ, ತಂತಿ, ಬಿ.ಎಂ.ಎಸ್. ಎಂಬ ಕಾವಲು ಸರ್ಕ್ಯೂಟು ಎಲ್ಲ ಸೇರಿದರೆ ಅಷ್ಟು ಶಕ್ತಿಯ ಪ್ಯಾಕು ಹತ್ತು ಹನ್ನೆರಡು ಕೆ.ಜಿ. ತೂಗಲೇಬೇಕು. ಸೆಲ್ಲಿಗೆ ಏನು ಬಿರುದು ಕೊಟ್ಟರೂ ತೂಕದ ಮಷೀನು ಸುಳ್ಳು ಹೇಳುವುದಿಲ್ಲ.

ಸಿಂಧನೂರು ಭತ್ತದ ಊರು. ಗಂಜಿನಲ್ಲಿ ತೂಕದ ಮಷೀನಿಗೆ ಬರವೇ? ಕಾಕಾ ಅಂಗಡಿಯವನನ್ನು ಕ‌ರೆದುಕೊಂಡೇ ಹೋಗಿ ಪ್ಯಾಕನ್ನು ಅಕ್ಕಿ ಚೀಲದ ಪಕ್ಕ ಇಟ್ಟು ತೂಗಿಸಿದರಂತೆ. ಏಳು ಕೆ.ಜಿ.! ಅಂದರೆ ಒಳಗಿದ್ದದ್ದು ಹೆಚ್ಚೆಂದರೆ ಇಪ್ಪತ್ತೈದು ಎ.ಎಚ್. ಸೆಲ್ಲಿನ ಹೆಸರು ಕೇಳಿದರೆ "ಪಾಲಿಮರ್ ರೀ, ಫಾರಿನ್‌ದು" ಅಂದನಂತೆ. ಚಾರ್ಜರ್ ಕೇಳಿದರೆ "ನಿಮ್ಮ ಹಳೇದ ನಡೀತೈತಿ" ಅಂದನಂತೆ.

ಈ ಕೊನೆಯ ಉತ್ತರ ಕೇಳಿ ನನಗೆ ಬೆವರು ಬಂತು. ಸೀಸದ ನಾಲ್ಕು ಡಬ್ಬಿಯ ಚಾರ್ಜರ್ ೫೮ರಿಂದ ೫೯ ವೋಲ್ಟಿನ ತನಕ ಏರುತ್ತದೆ. ೪೮ ವೋಲ್ಟಿನ ಎನ್.ಎಂ.ಸಿ. ಪ್ಯಾಕಿನಲ್ಲಿ ಸಾಲಾಗಿ ೧೩ ಸೆಲ್ಲು, ಒಂದೊಂದಕ್ಕೆ ೪.೨ ವೋಲ್ಟ್ ಮಿತಿ, ಒಟ್ಟು ೫೪.೬. ಹಳೇ ಚಾರ್ಜರ್ ಹಚ್ಚಿದರೆ ಪ್ರತಿ ಸೆಲ್ಲೂ ನಾಲ್ಕೂವರೆ ವೋಲ್ಟಿನ ಕಡೆಗೆ ತಳ್ಳಲ್ಪಡುತ್ತದೆ. ಅದಕ್ಕೂ ಬೆಂಕಿಗೂ ನಡುವೆ ನಿಂತಿರುವುದು ಆ ಬಿ.ಎಂ.ಎಸ್. ಒಂದೇ. ಅದು ಅಗ್ಗದ್ದಾದರೆ? ಪಕ್ಕದಲ್ಲಿ ಮಕ್ಕಳು ಮಲಗಿರುತ್ತಾರೆ.

ಲಿಂಗಸೂಗೂರಿನವನ ಪ್ಯಾಕು ಎಲ್.ಎಫ್.ಪಿ. ಹದಿನಾರು ಸೆಲ್ಲು, ೫೧.೨ ವೋಲ್ಟ್, ೩೦ ಎ.ಎಚ್., ಅಂದರೆ ೧೫೩೬ ವ್ಯಾಟ್-ಅವರ್. ತೂಕ ಹದಿನಾಲ್ಕು ಕೆ.ಜಿ., ಲೆಕ್ಕಕ್ಕೆ ಕೂಡುತ್ತದೆ. ಲೋಹದ ಪೆಟ್ಟಿಗೆ, ಸೆಲ್ಲಿನ ತಯಾರಿ ದಿನಾಂಕ ಬರೆದ ಚೀಟಿ, ಅದಕ್ಕೇ ಬೇಕಾದ ೫೮.೪ ವೋಲ್ಟಿನ ಚಾರ್ಜರ್. ಪೂರ್ತಿ ಚಾರ್ಜಾದಾಗಿನ ವೋಲ್ಟು ಹಳೇ ಸೀಸದ ಜೊತೆಗೆ ಹೆಚ್ಚುಕಮ್ಮಿ ಹೊಂದುವುದರಿಂದ ಗಾಡಿಯ ಕಂಟ್ರೋಲರಿಗೂ ತೊಂದರೆ ಇಲ್ಲ. ಮೂವತ್ತಕ್ಕೆ ಯಾಕೆ ಜಾಸ್ತಿ ರೊಕ್ಕ ಅಂತ ಕಾಕಾ ಕೇಳಿದ್ದರಲ್ಲ, ಉತ್ತರ ಸಿಕ್ಕಿತು: ಇದು ನಿಜವಾದ ಮೂವತ್ತು.

ಒಂದು ಕೊರತೆ ಇತ್ತು, ಮುಚ್ಚಿಡಬಾರದು. ನಿಧಾನದ ಗಾಡಿಗೆ ಕಿಲೋಮೀಟರಿಗೆ ಸುಮಾರು ೨೫ ವ್ಯಾಟ್-ಅವರ್ ಹಿಡಿದರೆ ಈ ಪ್ಯಾಕು ಹೆಚ್ಚೆಂದರೆ ಅರವತ್ತರ ಸುಮಾರು ಕಿಲೋಮೀಟರ್ ಒಯ್ಯುತ್ತದೆ. ಮಸ್ಕಿಯಿಂದ ಸಿಂಧನೂರಿಗೆ ಹೋಗಿ ಬರುವ ದಾರಿ ಐವತ್ತರ ಮೇಲೇ. ಎದುರುಗಾಳಿ ಬಂದರೆ ಊರ ಮುಂದೆ ತಳ್ಳಿಕೊಂಡು ಬರಬೇಕು. ಇದನ್ನೂ ಹೇಳಿದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಿಂಧನೂರಿಗೆ ಬಸ್ಸಿಗೆ ಹೊಕ್ಕೀನಿ ಬಿಡು. ಹುಡುಗ್ರು ನೆಟ್ಟಗ ಮಲಗಿದ್ರ ಸಾಕು" ಅಂದರು.

ನಾನು ಹದಿನೈದು ದಿನ ಓದಿದ್ದರ ಸಾರ ಅಷ್ಟೇ. ಪ್ಲಾಂಟೆಯಿಂದ ನಂಜುಂಡಸ್ವಾಮಿಯವರ ತನಕ ಎಲ್ಲರೂ ತೂಗಿದ್ದು ಇದನ್ನೇ, ಎಷ್ಟು ಶಕ್ತಿ ತುಂಬಬಹುದು, ಅದು ಎಷ್ಟು ಸುಮ್ಮನೆ ಕೂರುತ್ತದೆ. ಎರಡೂ ಪೂರ್ತಿ ಸಿಗುವ ಬ್ಯಾಟರಿಯನ್ನು ಇನ್ನೂ ಯಾರೂ ಮಾಡಿಲ್ಲ. ಅಂಗಡಿಗೆ ಹೋದಾಗ ನಾವು ಮೊದಲು "ಎಷ್ಟು?" ಅಂತ ಕೇಳುತ್ತೇವೆ. ಮೊದಲು ಕೇಳಬೇಕಾದದ್ದು "ಯಾವುದು?" ಅಂತ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಪ್ಲಗ್ಗು ಈಗ ದನದ ಕೊಟ್ಟಿಗೆಯ ಆಚೆ, ತಗಡಿನ ಮಾಡಿನ ಕೆಳಗೆ ಹೋಗಿದೆ, ಹಿಂದೆ ಕಲ್ಲಿನ ಗೋಡೆ. ಹೊಲದಿಂದ ಬಂದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ, ಅರ್ಧ ಗಂಟೆ ಆರಲು ಬಿಡುತ್ತಾರೆ. ಹಗಲಿನಲ್ಲೇ ಚಾರ್ಜು, ರಾತ್ರಿ ಇಲ್ಲ. ಕಾಕಾ ಅದಕ್ಕೆ ಇಟ್ಟಿರುವ ಹೆಸರು "ನಮ್ಮ ಲ್ಯಾಂಪ್ ರೂಮು".

ಮಾರನೇ ದಿನ ಅದೇ ಗಾಡಿಯಲ್ಲಿ ಗುಡ್ಡದ ತನಕ ಹೋಗಿ ಬಂಡೆ ನೋಡಿಕೊಂಡು ಬಂದೆವು. ದಾರಿಯಲ್ಲಿ ಕಾಕಾಗೆ ಇನ್ನೊಂದು ಸುದ್ದಿ ಹೇಳಿದೆ. ಮಂಡ್ಯದ ಮರಳಗಾಲದ ಹತ್ತಿರ ಬಂಡೆಗಳಲ್ಲಿ ೧,೬೦೦ ಟನ್ ಲಿಥಿಯಂ ಇರಬಹುದು ಅಂತ ೨೦೨೧ರಲ್ಲಿ ಅಂದಾಜು ಹೇಳಿದ್ದರು. ನಮ್ಮ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಸುತ್ತಿನ ಬಂಡೆಗಳಲ್ಲೂ ಲಿಥಿಯಂ ಖನಿಜ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ನಾವೆಲ್ಲ ಜಾತ್ರೆಗೆ ಹೋಗುವ ಅದೇ ಗುರುಗುಂಟಾ ಅಮರೇಶ್ವರ!

"ಅಂದ್ರ ಇನ್ನೊಬ್ಬ ಸಾಹೇಬ ಬರ್ತಾನ ಅನ್ನು" ಅಂದರು ಕಾಕಾ. "ಬರ್ಲಿ. ಅಂವ ಬಂಗಾರ ಹುಡುಕ್ಯಾಡಿ ಹೆಸರು ಕಂಡ. ಇಂವ ಏನು ಕಾಣ್ತಾನೋ ನೋಡೂಣು."

ಗಾಡಿ ಸದ್ದಿಲ್ಲದೆ ಇಳಿಜಾರಿನಲ್ಲಿ ಇಳಿಯುತ್ತಿತ್ತು.

ನಿಮ್ಮ ಊರಿನಲ್ಲೂ ಯಾರಾದರೂ ಬ್ಯಾಟರಿ ಬದಲಾಯಿಸುವವರಿದ್ದರೆ ಆ ನಾಲ್ಕು ಪ್ರಶ್ನೆ ಕೇಳಲು ಹೇಳಿ. ಹಟ್ಟಿಯ ದೀಪದ ಕೋಣೆಯಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ಅವರ ನೆನಪುಗಳನ್ನು ದಯವಿಟ್ಟು ಬರೆದಿಡಿ. ನಾನು ಓದಲು ಕಾಯುತ್ತಿರುತ್ತೇನೆ.